ಸೋರಿದ್ದು ಕಂಡವನ ಹೊಣೆ

ಕಂಡದ್ದು ಕಂಡಂಗ ಹೇಳಿದರ ಕೆಂಡದಂಥ ಕೋಪ ಅಂತ ನಮ್ಮ ಹಿರಿಯರು ಗಾದೆ ಮಾಡಿಟ್ಟು ಹೋಗ್ಯಾರ. ಅವರು ಯಾವ ಅರ್ಥದಾಗ ಹೇಳಿದರೋ ಏನೋ, ನಾವು ಮಾತ್ರ ಬಾಯಿ ಮುಚ್ಚಿಕೊಂಡು ಕೂಡಲಿಕ್ಕೇ ಈ ಗಾದೆ ಬಳಸುತ್ತೇವೆ. ನಾನೂ ಒಮ್ಮೆ ಹಂಗೇ ಬಳಸಿಕೊಂಡೆ. ಆವತ್ತಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಹತ್ತಿದೆ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಒಬ್ಬ ಮನುಷ್ಯ ಒಂದು ತೂತು ಕಂಡ. ತೂತು ಮಾಡಿದವ ಅವನಲ್ಲ. ವಸ್ತುವೂ ಅವನದಲ್ಲ. ಅದನ್ನು ಮುಚ್ಚುವ ವಿದ್ಯೆಯೂ ಅವನಿಗೆ ಬರುವುದಿಲ್ಲ. ಹಂಗಿದ್ದರೂ ಹೇಳುವ ಹೊಣೆ ಅವನ ಮೇಲೆ ಬರುತ್ತದೋ ಇಲ್ಲವೋ? ಬಂದರೆ, ಎಲ್ಲಿಗೆ ಹೋಗಿ ಆ ಹೊಣೆ ಮುಗಿಯುತ್ತದೆ?

ಮೊದಲು ನಡೆದದ್ದು ಹೇಳುತ್ತೇನೆ. ಎರಡು ವರ್ಷದ ಹಿಂದಿನ ಮೇ ತಿಂಗಳು. ನಮ್ಮ ಮೇಳದಾಗ ತುಂತುಣಿ ಬಾರಿಸುವ ನನ್ನ ಗೆಳೆಯ ಮಧ್ಯಾಹ್ನದ ಬಿಸಿಲಾಗ ಕಣಿಕಿ ಬಣವಿ ಒಟ್ಟಲಿಕ್ಕೆ ನಿಂತ. ಹೊತ್ತು ಇಳಿದ ಮೇಲೆ ಒಟ್ಟೋಣ ಅಂದರೆ ಕೇಳಲಿಲ್ಲ. ಒಂದು ತಾಸಿನಾಗ ತಲೆ ತಿರುಗಿ ಬಿದ್ದ. ನಾನು ಓಡಿ ಹೋಗಿ ನೋಡಿದರೆ ಏನೇನೋ ಬಡಬಡಿಸುತ್ತಿದ್ದ, ನನ್ನ ಗುರುತೇ ಹತ್ತಲಿಲ್ಲ. ಮೈ ಹಂಚಿನಂಗ ಕಾದಿತ್ತು. ಒಂದು ಹನಿ ಬೆವರು ಇರಲಿಲ್ಲ. ಅದನ್ನು ನೆನಪಿಡ್ರಿ, ಮುಂದೆ ಬೇಕಾಗ್ತದ.

ಬೇವಿನ ಗಿಡದ ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಕೊಡಗಟ್ಟಲೆ ನೀರು ಹಾಕಿ, ಟವೆಲ್ಲಿನಿಂದ ಗಾಳಿ ಬೀಸಿ, ಜೀಪಿನಾಗ ಹಾಕಿಕೊಂಡು ಸೊಲ್ಲಾಪುರಕ್ಕೆ ಒಯ್ದೆವು. ದಾರಿಯುದ್ದಕ್ಕೂ ನೀರು ಹನಿಸುತ್ತಲೇ ಇದ್ದೆವು. ದವಾಖಾನೆಯಲ್ಲಿ ನೋಡಿದಾಗ ಮೈ ಸುಡು 106 ಡಿಗ್ರಿ ಇತ್ತು. ಅವರ ಲೆಕ್ಕದಾಗ 41 ಸೆಲ್ಸಿಯಸ್. ಬಿಸಿಲು ಬಡಿದವನ ಮೈ 40 ದಾಟಿ, ಮಾತು ತಪ್ಪಿದರೆ ಜೀವದ ಮೇಲೆ ಬಂತು ಅಂತ ತಿಳೀಬೇಕು ಅಂದರು ಡಾಕ್ಟರು. ದಾರಿಯಾಗ ನೀರು ಹಾಕಿ ಗಾಳಿ ಬೀಸಿದ್ದು ಚಲೋ ಮಾಡಿದಿರಿ ಅಂತಲೂ ಅಂದರು. ಮೊದಲು ಐಸು, ತಣ್ಣೀರು, ಫ್ಯಾನು ಹಚ್ಚಿ ಸುಡು ಇಳಿಸಿದರು. ಆಮೇಲೆ ಐಸಿಯುದಾಗ ಒಂದು ಪ್ಯಾಡಿನ ಮೇಲೆ ಮಲಗಿಸಿದರು. ಬಿಸಿಲು ಬಡಿದವನ ಮೈ ಒಮ್ಮೆ ಇಳಿದರೂ ತನ್ನ ಶಾಖ ತಾನು ಹಿಡಿದುಕೊಳ್ಳುವ ಶಕ್ತಿ ಕೆಲವು ದಿನ ಕಳಕೊಂಡಿರುತ್ತದಂತೆ, ಮತ್ತೆ ಏರಬಹುದಂತೆ. ಅದಕ್ಕೇ ಆ ಪ್ಯಾಡು.

ಪ್ಯಾಡು ಅಂದರೆ ನಮ್ಮ ಕೌದಿಯಂಥದ್ದೇ, ಪ್ಲಾಸ್ಟಿಕ್ಕಿನದು. ಒಳಗೆ ಕಾಲುವೆ ಕಾಲುವೆ ಮಾಡಿರುತ್ತಾರೆ. ಮಂಚದ ಪಕ್ಕದಾಗ ಸಣ್ಣ ಕಪಾಟಿನಷ್ಟು ಯಂತ್ರ. ಅದರಾಗ ನೀರಿನ ತೊಟ್ಟಿ. ಯಂತ್ರದಿಂದ ಒಂದು ಪೈಪಿನಾಗ ತಣ್ಣೀರು ಹೋಗಿ, ಪ್ಯಾಡಿನೊಳಗೆ ಸುತ್ತಾಡಿ, ಮೈಯ ಶಾಖ ಹೊತ್ತುಕೊಂಡು, ಇನ್ನೊಂದು ಪೈಪಿನಾಗ ಹಿಂದಕ್ಕೆ ಬರುತ್ತದೆ. ಯಂತ್ರ ಅದನ್ನು ತಂಪು ಮಾಡಿ ಮತ್ತೆ ಕಳಿಸುತ್ತದೆ. ನೀರನ್ನು 4 ಡಿಗ್ರಿಯಷ್ಟು ತಣ್ಣಗೂ ಮಾಡಬಹುದು, ಬೇಕಾದರೆ 42 ರವರೆಗೆ ಬೆಚ್ಚಗೂ ಮಾಡಬಹುದು. ನಾನು ದಾಳಿಂಬರಕ್ಕೆ ಡ್ರಿಪ್ ಮಾಡಿದವ. ನೋಡಿದ ಕೂಡಲೇ ತಿಳೀತು: ಇದು ಹೊಲದ ಪೈಪ್‌ಲೈನೇ, ಹೊಲ ಮಾತ್ರ ಒಬ್ಬ ಮನುಷ್ಯನ ಬೆನ್ನು.

ಮರುದಿನ ಬೆಳಿಗ್ಗೆ 11 ಕ್ಕೆ ಒಳಗೆ ಬಿಟ್ಟರು. ಗೆಳೆಯ ಎಚ್ಚರ ಇರಲಿಲ್ಲ. ನಾನು ಅವನ ಕೈ ಹಿಡಿದು ಮಂಚದ ಅಂಚಿಗೆ ಕೈಯೂರಿದೆ. ಚಾದರ ಒದ್ದೆ. ಸೊಂಟದ ಹತ್ತಿರ ಒಂದು ಅಂಗೈಯಗಲ. ಮುಟ್ಟಿದರೆ ಬಾವಿ ನೀರಿನಂಗ ತಣ್ಣಗೆ. ಉಚ್ಚೆ ಅನ್ನೋಣ ಅಂದರೆ ಅದಕ್ಕೆ ನಳಿಗೆ ಹಾಕಿ ಚೀಲ ಕಟ್ಟಿದ್ದರು, ಬಣ್ಣವೂ ಇಲ್ಲ, ಬಿಸಿಯೂ ಇಲ್ಲ. ಬೆವರು ಅನ್ನೋಣ ಅಂದರೆ ಹಿಂದಿನ ದಿನದಿಂದ ಅವನ ಮೈಯಾಗ ಬೆವರೇ ಇಲ್ಲ. ಸಲಾಯಿನ್ ಆ ಕಡೆ ಕೈಗೆ ಹಚ್ಚಿತ್ತು, ಈ ಕಡೆ ಅಲ್ಲ. ಹಂಗಾದರೆ ನೀರು ಎಲ್ಲಿಂದ ಬಂತು? ನಾನು ನಿಂತಿದ್ದಾಗಲೇ ಯಂತ್ರ ಕುಂಯ್ ಕುಂಯ್ ಅಂತ ಒದರಿತು. ಒಬ್ಬ ಹುಡುಗ ಬಂದು ಬಾಟಲಿಯಿಂದ ತೊಟ್ಟಿಗೆ ನೀರು ಸುರುವಿದ. ಒದರೋದು ನಿಂತಿತು. ಅವನು ಹೋದ.

ನನಗೆ ಆಗಲೇ ಗೊತ್ತಾಗಿತ್ತು. ಮತ್ತೂ ನಾನು ಏನೂ ಹೇಳಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕುಂತೆ. ಸಂಜೆ 5 ಕ್ಕೆ ಮತ್ತೆ ಒಳಗೆ ಹೋದಾಗ ಒದ್ದೆ ಒಂದು ಮೊಳ ಆಗಿತ್ತು. ಅದೇ ಹುಡುಗ, ಅದೇ ಬಾಟಲಿ. ಆವಾಗ ಸಿಸ್ಟರ್ ಹತ್ತಿರ ಹೋಗಿ, ನನ್ನ ಮುರುಕು ಮರಾಠಿಯಾಗ, "ಬಾಯಿ, ಇಥೆ ಗಳತಿ ಆಹೆ" ಅಂದೆ. ಆಕೆ ಮೊದಲು, "ಆಜೋಬಾ, ಅದು ಬೆವರು" ಅಂದಳು. "ಬೆವರು ತಣ್ಣಗಿರ್ತದೇನವ್ವಾ, ನೀ ಒಮ್ಮೆ ಮುಟ್ಟಿ ನೋಡು" ಅಂದೆ. ಆಕೆಗೆ ಕನ್ನಡ ಬರುತ್ತಿತ್ತು, ಆ ಕ್ಷಣಕ್ಕೆ ನನಗೆ ದೇವರು ಕಂಡಂಗಾಯಿತು. ಆಕೆ ಮುಟ್ಟಿದಳು. ಮುಖ ಸಣ್ಣದಾಯಿತು. ಇಬ್ಬರನ್ನು ಕರೆದು ಯಂತ್ರ ನಿಲ್ಲಿಸಿ, ಗೆಳೆಯನನ್ನು ಮಗ್ಗಲು ಹೊರಳಿಸಿ, ಪ್ಯಾಡು ತೆಗೆದು ಬೇರೆ ಹಾಕಿದರು. ತೆಗೆದ ಪ್ಯಾಡಿನ ಒಂದು ಮೂಲೆಯಾಗ ಸೂಜಿಮೊನೆಯಷ್ಟು ತೂತು. ಯಾರೋ ಯಾವಾಗಲೋ ಪೈಪು ಸರಿಯಬಾರದು ಅಂತ ಚಾದರಕ್ಕೆ ಪಿನ್ನು ಚುಚ್ಚಿದ್ದರು ಅಂತ ಕಾಣ್ತದ.

ಗೆಳೆಯ ಉಳಿದ. ಆದರೆ ಬೆನ್ನಿನ ಕೆಳಗೆ, ಬಾಲದ ಎಲುಬಿನ ಮೇಲೆ, ಚರ್ಮ ಮೆತ್ತಗಾಗಿ ಕಿತ್ತಿತ್ತು. ಅಲುಗಾಡದೆ ಮಲಗಿದವನ ಕೆಳಗೆ ಒದ್ದೆ ನಿಂತರೆ ಚರ್ಮ ಬೇಗ ಸಡಿಲಾಗುತ್ತದೆ ಅಂದರು ಡಾಕ್ಟರು. ಆ ಹುಣ್ಣು ಮಾಯಲಿಕ್ಕೆ ಒಂದೂವರೆ ತಿಂಗಳು ಹಿಡೀತು. ಬರೀ ನನ್ನಿಂದ ಆಯಿತು ಅಂತ ನಾನು ಹೇಳುವುದಿಲ್ಲ. ರಾತ್ರಿಯಿಂದಲೂ ಸೋರಿರಬಹುದು. ಆದರೆ ಬೆಳಿಗ್ಗೆ 11 ರಿಂದ ಸಂಜೆ 5 ರವರೆಗಿನ ಆರು ತಾಸು ನನ್ನ ಲೆಕ್ಕಕ್ಕೆ ಬರೀಬೇಕು.

ಆ ಆರು ತಾಸು ನಾನು ಯಾಕೆ ಸುಮ್ಮನಿದ್ದೆ? ಕಟ್ಟೆಯ ಮೇಲೆ ಕುಂತು ನನಗೆ ನಾನೇ ಮೂರು ಮಾತು ಹೇಳಿಕೊಂಡಿದ್ದೆ. ಈಗ ಒಂದೊಂದಾಗಿ ತೂಗಿ ನೋಡುತ್ತೇನೆ.

ಮೊದಲನೇ ಮಾತು: ಇದು ನನ್ನದಲ್ಲ. ಯಂತ್ರ ದವಾಖಾನೆಯದು, ಪ್ಯಾಡು ದವಾಖಾನೆಯದು, ಸಂಬಳ ತಗೊಳ್ಳುವವರು ಅವರು. ಈ ಮಾತು ಎಷ್ಟು ಗಟ್ಟಿ ಅಂತ ನೋಡಲಿಕ್ಕೆ ನಮ್ಮೂರ ಕಡೆ ಬರ್ರಿ. ಮಂದಿ ಹೊಲದ ಒಡ್ಡಿನಾಗ ಇಲಿ ಬಿಲ ತೋಡಿ ನೀರು ಜಿನುಗುವುದು ಕಂಡರೆ ನಾವು ಏನು ಮಾಡುತ್ತೇವೆ? ಆ ಹೊಲದವನ ಜೋಡಿ ಕೋರ್ಟು ಕಚೇರಿ ನಡೆದಿದ್ದರೂ ಒಂದು ಕೂಗು ಹಾಕುತ್ತೇವೆ. ಯಾಕಂದರೆ ಒಡ್ಡು ಅವನದು, ಒಡೆದರೆ ಬರುವ ನೀರು ಎಲ್ಲರದು. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಅಂತ ಎಂಟುನೂರು ವರ್ಷಕ್ಕಿಂತ ಹೆಚ್ಚಾಯಿತು, ಈಗಲೂ ಹೇಳುತ್ತೇವೆ. ಆ ಕೆರೆಯ ಏರಿಯ ಮೇಲೆ ನಡೆಯುತ್ತಾ ಜಿನುಗು ಕಂಡು ಯಾರ್ಯಾರು ಕೂಗು ಹಾಕಿದರೋ ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಕೂಗದಿದ್ದರೆ ಕೆರೆ ಉಳಿಯುತ್ತಿತ್ತೇ? ಹಂಗಾಗಿ ಒಡೆತನ ಬೇರೆ, ಹೊಣೆ ಬೇರೆ. ವಸ್ತು ಯಾರದೇ ಇರಲಿ, ಕೇಡು ಯಾರ ಮೈಗೆ ಬರುತ್ತದೆ ಅನ್ನೋದರ ಮೇಲೆ ಹೊಣೆ ನಿಲ್ಲುತ್ತದೆ.

ಎರಡನೇ ಮಾತು: ನನಗೆ ತಿಳಿಯೋದಿಲ್ಲ. ಏಳನೇತ್ತೆ ಓದಿದವ ಡಾಕ್ಟರ ಮುಂದೆ ಯಂತ್ರದ ಮಾತು ಏನಾಡಲಿ? ಈ ಮಾತು ಕೇಳಲಿಕ್ಕೆ ವಿನಯದಂಗ ಕಾಣ್ತದ. ಆದರೆ ಇದರಾಗ ಒಂದು ಮೋಸ ಅದ. ನನ್ನ ಅಕ್ಕನ ಮಗಳು ಪುಣೆಯ ಕಡೆ ದವಾಖಾನೆಯಾಗ ನರ್ಸ್ ಇದ್ದಾಳೆ. ಆಕೆಗೆ ಈ ಕಥೆ ಹೇಳಿದಾಗ ಆಕೆ, "ಮಾಮಾ, ಸೋರ್ತದ ಅಂತ ನೀ ಯಾಕ ಹೇಳಬೇಕಿತ್ತು? ಇಲ್ಲಿ ತಣ್ಣಗ ಒದ್ದಿ ಅದ ಅಂದಿದ್ದರ ಸಾಕಿತ್ತು" ಅಂದಳು. ಆ ಮಾತು ನನ್ನ ಕಣ್ಣು ತೆರೆಸಿತು. ಕಂಡದ್ದು ಬೇರೆ, ತಿಳಿದದ್ದು ಬೇರೆ. ತೀರ್ಮಾನ ಹೇಳಲಿಕ್ಕೆ ವಿದ್ಯೆ ಬೇಕು. ಕಂಡದ್ದು ಹೇಳಲಿಕ್ಕೆ ಕಣ್ಣು, ಕೈ, ನಾಲಿಗೆ ಸಾಕು. ನಾನು ತಿಳಿಯೋದಿಲ್ಲ ಅನ್ನುವ ಮಾತಿನ ಹಿಂದೆ ನಿಂತು, ಕಂಡದ್ದನ್ನೂ ಮುಚ್ಚಿಟ್ಟೆ.

ಮತ್ತೊಂದು: ನನಗೆ ತಿಳಿಯೋದೇ ಇಲ್ಲ ಅನ್ನೋದೂ ಖರೆ ಅಲ್ಲ. ಸೋರಿಕೆ ಹುಡುಕುವ ವಿದ್ಯೆ ರೈತನಿಗೆ ಬರುವಷ್ಟು ಯಾರಿಗೆ ಬರ್ತದ? ಸೈಕಲ್ಲಿನ ಟ್ಯೂಬು ಬುಟ್ಟಿ ನೀರಾಗ ಮುಳುಗಿಸಿ ಗುಳ್ಳೆ ನೋಡುವುದು ಹುಡುಗರಿಗೂ ಬರುತ್ತದೆ. ಅಕ್ಕನ ಮಗಳು ತನ್ನ ಕೆಲಸದ ಪದ್ಧತಿ ಹೇಳಿದಳು, ಎಲ್ಲ ನಮ್ಮ ಹೊಲದ್ದೇ ಅನಿಸಿತು. ಪ್ಯಾಡನ್ನು ರೋಗಿಯ ಕೆಳಗೆ ಹಾಕುವ ಮೊದಲೇ ಹಾಸಿ, ನೀರು ತುಂಬಿ, ಸ್ವಲ್ಪ ಹೊತ್ತು ಓಡಿಸಿ, ಅಂಚು, ಜೋಡಣೆ, ಪೈಪಿನ ಬಾಯಿ ಎಲ್ಲದರ ಮೇಲೆ ಒಣಗಿದ ಕೈಯಾಡಿಸಬೇಕು. ಹೊಸ ಪ್ಯಾಡಿಗೆ ನೀರು ತುಂಬುವಾಗ ತೊಟ್ಟಿಯ ನೀರು ಒಮ್ಮೆ ಇಳಿಯುವುದು ಸಹಜ, ಡ್ರಿಪ್ ಚಾಲೂ ಮಾಡಿದಾಗ ಪೈಪು ತುಂಬೋವರೆಗೆ ನೀರು ಕುಡಿದಂಗ. ಆಮೇಲೆ ಇಳಿಯಬಾರದು. ಅದೇ ನೀರು ಸುತ್ತುವುದು, ಖರ್ಚಾಗುವುದಲ್ಲ. ತಾಸು ತಾಸಿಗೆ ಇಳಿಯುತ್ತಾ ಹೋದರೆ ಎಲ್ಲೋ ಹೋಗುತ್ತಿದೆ ಅಂತಲೇ ಅರ್ಥ.

ಒದ್ದೆ ಕಂಡ ಕೂಡಲೇ ತೂತು ಅಂತಲೂ ಹೇಳಬಾರದಂತೆ. ತಣ್ಣೀರಿನ ಪೈಪಿನ ಮೇಲೆ ಗಾಳಿಯ ತೇವ ಹನಿ ಕಟ್ಟುತ್ತದೆ, ಹೊಸ ಮಡಿಕೆಯ ಮೈ ಬೆವತಂಗ. ಬಟ್ಟೆಯಿಂದ ಒರೆಸಿ ಬಿಡಬೇಕು. ಉದ್ದಕ್ಕೂ ಸಣ್ಣ ಸಣ್ಣ ಹನಿ ಬಂದರೆ ಅದು ಗಾಳಿಯ ತೇವ. ಒಂದೇ ಜಾಗ ಮತ್ತೆ ಮತ್ತೆ ತೊಯ್ದರೆ ಅದು ತೂತು. ಎರಡು ಮೂರು ಪ್ಯಾಡು ಹಚ್ಚಿದ್ದರೆ ಒಂದೊಂದನ್ನೇ ಬಂದ್ ಮಾಡಿ ನೋಡಬೇಕು, ಯಾವುದು ಬಂದ್ ಮಾಡಿದಾಗ ಯಂತ್ರ ಸರಿಯಾಯಿತೋ ಅದೇ ಕಳ್ಳ. ನಾವು ಒಂದೊಂದು ಗೇಟ್ ವಾಲ್ ತಿರುವಿ ಯಾವ ಲೈನು ಒಡೆದಿದೆ ಅಂತ ಹುಡುಕುವುದಿಲ್ಲವೇ, ಹಂಗ.

ಸೋರಿದ ನೀರು ಬರೀ ನೀರಲ್ಲ ಅನ್ನೋದೂ ಆಕೆಯಿಂದ ತಿಳೀತು. ತೊಟ್ಟಿಯಾಗ ದಿನಗಟ್ಟಲೆ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಾಣು ಬೆಳೆಯುತ್ತವೆ. ಹೃದಯದ ಶಸ್ತ್ರಕ್ರಿಯೆಯ ಹೊತ್ತಿನಾಗ ಬಳಸುವ, ನೀರು ಬಿಸಿ-ತಂಪು ಮಾಡುವ ಯಂತ್ರಗಳ ತೊಟ್ಟಿಯಲ್ಲಿ ಮೈಕೋಬ್ಯಾಕ್ಟೀರಿಯಂ ಕೈಮೀರಾ ಅನ್ನುವ ಜೀವಾಣು ಬೆಳೆದು, ಅದು ಗಾಳಿಯ ತುಂತುರಿನ ಜೋಡಿ ರೋಗಿಗಳಿಗೆ ತಗುಲಿದ್ದು 2015 ರ ಸುಮಾರಿಗೆ ಯುರೋಪು, ಅಮೆರಿಕದಾಗ ದೊಡ್ಡ ಎಚ್ಚರಿಕೆ ಆಯಿತಂತೆ. ಗಾಯ, ಸೂಜಿ ಚುಚ್ಚಿದ ಜಾಗ, ವಿದ್ಯುತ್ತಿನ ತಂತಿ, ಇವುಗಳ ನಡುವೆ ಮಲಗಿದವನ ಕೆಳಗೆ ತೊಟ್ಟಿಯ ನೀರು ಹರಿಯುವುದು ಸಣ್ಣ ಮಾತಲ್ಲ.

ಮೂರನೇ ಮಾತು: ಅವರು ನೋಡಿರತಾರ. ಮೂರರಾಗ ಇದೇ ಕೆಟ್ಟದ್ದು. ಯಾಕಂದರೆ ಇದನ್ನು ನಾನೊಬ್ಬನೇ ಹೇಳಿಕೊಂಡಿಲ್ಲ. ನೀರು ಸುರುವುವ ಹುಡುಗ, ಸಿಸ್ಟರ್ ನೋಡಿರತಾರ ಅಂದುಕೊಂಡ. ಸಿಸ್ಟರ್, ಏನಾದರೂ ಇದ್ದರೆ ಹುಡುಗ ಹೇಳತಿದ್ದ ಅಂದುಕೊಂಡಳು. ಚಾದರ ಬದಲಿಸುವ ಬಾಯಿ, ಡಾಕ್ಟರಿಗೆ ಗೊತ್ತಿರತದ ಅಂದುಕೊಂಡಳು. ನಾನು, ಇಷ್ಟು ಮಂದಿ ಇದ್ದಾರಲ್ಲ ಅಂದುಕೊಂಡೆ. ಎಲ್ಲರೂ ಕಂಡಿದ್ದೆವು, ಯಾರೂ ನೋಡಿರಲಿಲ್ಲ.

ಆ ಹುಡುಗನ ಬಾಟಲಿಯನ್ನು ನಾನು ಬಹಳ ಸಲ ನೆನಸುತ್ತೇನೆ. ಯಂತ್ರ ಒದರಿದ್ದು ನೀರು ಬೇಕು ಅಂತಲ್ಲ, ನೀರು ಎಲ್ಲಿ ಹೋಯಿತು ನೋಡ್ರಿ ಅಂತ. ಅವನು ನೀರು ಸುರುವಿ ಅದರ ಬಾಯಿ ಮುಚ್ಚಿಸಿದ. ನಾವೆಲ್ಲ ಮನೆಯಾಗ ಇದನ್ನೇ ಮಾಡುತ್ತೇವೆ. ಮಗ ತಿಂಗಳಾ ರೊಕ್ಕ ಕೇಳುತ್ತಾನೆ, ಕೊಡುತ್ತೇವೆ, ಎಲ್ಲಿ ಹೋಗ್ತದ ಅಂತ ಕೇಳುವುದಿಲ್ಲ. ಸಂಘದ ಲೆಕ್ಕದಾಗ ವರ್ಷಾ ಕಡಿಮೆ ಬೀಳುತ್ತದೆ, ಪಟ್ಟಿ ಎತ್ತಿ ತುಂಬುತ್ತೇವೆ. ಹೆಂಗಸು ತವರಿಗೆ ಬಂದು ಅಳುತ್ತಾಳೆ, ಸೀರೆ ಕೊಟ್ಟು, ಸಮಾಧಾನ ಹೇಳಿ ಕಳಿಸುತ್ತೇವೆ. ಒದರೋದು ನಿಲ್ಲುತ್ತದೆ, ಸೋರೋದು ನಿಲ್ಲುವುದಿಲ್ಲ. ತುಂಬುವುದು ಸುಲಭ, ಹುಡುಕುವುದು ಕಷ್ಟ, ಯಾಕಂದರೆ ಹುಡುಕಿದರೆ ಯಾರೋ ಒಬ್ಬರ ಕೈ ಸಿಗುತ್ತದೆ.

ಇಲ್ಲಿಗೆ ಗಾದೆಯ ಕೆಂಡದ ಹತ್ತಿರ ಬಂದೆವು. ಆ ಸಿಸ್ಟರ್ ಮುಖ ಸಣ್ಣದಾದದ್ದು ಯಾಕೆ ಅಂತ ನನಗೆ ಆವತ್ತು ತಿಳೀಲಿಲ್ಲ. ಆಮೇಲೆ ಅಕ್ಕನ ಮಗಳು ಹೇಳಿದಳು: "ಮಾಮಾ, ಆ ಪ್ಯಾಡಿನ ರೊಕ್ಕ ಸಣ್ಣದಲ್ಲ. ತೂತು ಸಿಕ್ಕರ ಮೊದಲ ಕೇಳೋದು ಯಾರ ಡ್ಯೂಟಿ ಇತ್ತು ಅಂತ. ಹೇಳಿದವರ ತಲಿ ಮ್ಯಾಲೇ ಬರ್ತದ." ಹಿಂಗಿದ್ದಾಗ ಯಾರು ಹುಡುಕುತ್ತಾರೆ? ತೂತು ಮಾಡಿದವ, ತೂತು ಕಂಡವ, ತೂತು ಮುಚ್ಚಿಟ್ಟವ, ಈ ಮೂವರೂ ಬೇರೆ ಬೇರೆ. ನಮ್ಮ ಊರಾಗಲಿ, ಕಚೇರಿಯಾಗಲಿ, ದವಾಖಾನೆಯಾಗಲಿ, ಕಂಡವನನ್ನೇ ಮಾಡಿದವನಂಗ ನೋಡಿದರೆ, ಎಲ್ಲರೂ ಮುಚ್ಚಿಡುವವರೇ ಆಗುತ್ತಾರೆ. ಪಿನ್ನು ಚುಚ್ಚಿದವರ ತಪ್ಪು ಒಂದು ಕ್ಷಣದ್ದು, ಅದರಾಗ ದುಷ್ಟತನವೂ ಇಲ್ಲ. ಹೇಳಿದರೆ ಕೆಟ್ಟೆ ಅನ್ನುವ ಹೆದರಿಕೆ ಹುಟ್ಟಿಸಿದವರ ತಪ್ಪು ದಿನಾಲೂ ನಡೆಯುವಂಥದ್ದು. ಹಂಗಾಗಿ ಕಂಡವನಿಗೆ ಹೇಳುವ ಹೊಣೆ ಇದ್ದರೆ, ಹಿರಿಯರಿಗೆ ಕೇಳುವ ಹೊಣೆ ಅದಕ್ಕಿಂತ ದೊಡ್ಡದು.

ಇದರ ಜೋಡಿ ಇನ್ನೊಂದು ಮಗ್ಗಲೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ನಮ್ಮ ಮಂದಿ ಸಿಟ್ಟಿಗೆದ್ದು ಡಾಕ್ಟರ ಮೇಲೆ ಕೈ ಮಾಡಿದ ಸುದ್ದಿ ಪೇಪರಿನಾಗ ಬರುತ್ತಲೇ ಇರುತ್ತವೆ. ಕಂಡದ್ದು ಹೇಳುವುದು ಅಂದರೆ ಬೈಯುವುದಲ್ಲ. ನಾನು ಆವತ್ತು, ನೀವು ನಮ್ಮವನನ್ನು ಸಾಯಿಸ್ತೀರಿ ಅಂತ ಒದರಿದ್ದರೆ ಆಕೆ ಮುಟ್ಟಿ ನೋಡುತ್ತಿರಲಿಲ್ಲ, ಕಾವಲಿನವನನ್ನು ಕರೆಯುತ್ತಿದ್ದಳು. ಕಂಡದ್ದಕ್ಕೆ ಆರೋಪ ಕೂಡಿಸಿದಾಗಲೇ ಕೆಂಡ ಹತ್ತುವುದು. ಬರೀ ಕಂಡದ್ದು, ಕಂಡಷ್ಟೇ, ಕೈ ಮಾಡಿ ತೋರಿಸಬಲ್ಲವರಿಗೆ ಹೇಳಬೇಕು. ಅವರು ಕೇಳದಿದ್ದರೆ ಅವರ ಮೇಲಿನವರಿಗೆ ಹೇಳಬೇಕು. ನನ್ನ ಅನುಭವದಾಗ, "ಒಮ್ಮೆ ಮುಟ್ಟಿ ನೋಡ್ರಿ" ಅನ್ನುವಷ್ಟು ಒಳ್ಳೆ ಮಾತು ಇನ್ನೊಂದಿಲ್ಲ. ಅದರಾಗ ನಿಮ್ಮ ತಪ್ಪು ಅನ್ನೋದೂ ಇಲ್ಲ, ನನಗೆ ಎಲ್ಲಾ ಗೊತ್ತು ಅನ್ನೋದೂ ಇಲ್ಲ.

ಗೆಳೆಯ ಮನೆಗೆ ಬಂದ ಮೇಲೆ, ಹುಣ್ಣು ಇನ್ನೂ ಮಾಯದೆ ಬೋರಲು ಮಲಗಿದ್ದಾಗ, ನಾವು ಹಳೇ ಚಟದ ಪ್ರಕಾರ ಸವಾಲು-ಜವಾಬು ನಡೆಸಿದೆವು. ಹರದೇಶಿ-ನಾಗೇಶಿ ಹಾಡಿದವರಿಗೆ ವಾದ ಇಲ್ಲದೆ ಊಟ ಸೇರುವುದಿಲ್ಲ. ಅಕ್ಕನ ಮಗಳೂ ಬಂದಿದ್ದಳು. ಈ ಯಂತ್ರಗಳಾಗ ಎರಡು ಜಾತಿ ಅಂತ ಆಕೆ ಹೇಳಿದ್ದಳು. ಒಂದು, ನೀರನ್ನು ಪ್ಯಾಡಿನೊಳಗೆ ದೂಡುವುದು. ಇನ್ನೊಂದು, ಪ್ಯಾಡಿನ ಆ ತುದಿಯಿಂದ ನೀರನ್ನು ಎಳೆಯುವುದು, ಅಂದರೆ ಹೀರುವುದು. ದೂಡುವ ಯಂತ್ರದ ಪ್ಯಾಡು ತೂತಾದರೆ ನೀರು ಹೊರಗೆ ಬರುತ್ತದೆ. ಹೀರುವ ಯಂತ್ರದ ಪ್ಯಾಡು ತೂತಾದರೆ ನೀರು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪೈಪಿನಾಗ ಗುಳ್ಳೆ ಕಾಣುತ್ತವೆ, ನೀರಿನ ಓಟ ಕಡಿಮೆಯಾಗುತ್ತದೆ, ತಂಪು ಕೆಡುತ್ತದೆ. ಬಾವಿಯ ಮೇಲೆ ಎಂಜಿನ್ ಇಟ್ಟವರಿಗೆ ಇದು ಕರತಲ. ಡಿಲಿವರಿ ಪೈಪು ಒಡೆದರೆ ಕಾರಂಜಿ ಚಿಮ್ಮುತ್ತದೆ, ಸಕ್ಷನ್ ಪೈಪು ಒಡೆದರೆ ಒಂದು ಹನಿ ಹೊರಗೆ ಬರುವುದಿಲ್ಲ, ಗಾಳಿ ಹಿಡಿದು ಎಂಜಿನ್ ಬರೀ ತಿರುಗುತ್ತದೆ. ಆ ತೂತು ಹುಡುಕಲಿಕ್ಕೆ ಕೆಸರು ಮೆತ್ತಿ ಮೆತ್ತಿ ಸಾಕಾಗುತ್ತದೆ.

"ಎರಡರಾಗ ಯಾವ ತೂತು ಚಲೋ?" ಅಂತ ನಾನು ಸವಾಲು ಹಾಕಿದೆ.

ಗೆಳೆಯ ಮಲಗಿದಲ್ಲಿಂದಲೇ, "ಹೊರಗ ಸೋರೋದೇ ಚಲೋ. ಕಣ್ಣಿಗಿ ಕಾಣ್ತದ, ಅಂಗಿ ತೋಯ್ತದ, ಯಾರರೆ ಒಬ್ಬರು ಬೈತಾರ" ಅಂದ.

ಅಕ್ಕನ ಮಗಳು, "ಇಲ್ಲ ಕಾಕಾ, ಒಳಗ ಎಳಿಯೋದೇ ಚಲೋ. ಮಂದಿ ಬೆನ್ನು ತೋಯ್ಸೋದಿಲ್ಲ, ತೂತಿನ ಕೇಡು ಯಂತ್ರಾನೇ ತಿಂತದ" ಅಂದಳು.

"ಹಂಗಾದರ ಅದರ ಗುಳ್ಳಿ ಯಾರು ನೋಡ್ತಾರ?" ಅಂದ ಗೆಳೆಯ.

ಇಬ್ಬರದೂ ಖರೆ ಅನಿಸಿತು. ಮನುಷ್ಯರಲ್ಲೂ ಎರಡು ಜಾತಿ ಇದ್ದಾರೆ. ಒಬ್ಬ ತನ್ನ ಕೊರತೆಯನ್ನು ಮಂದಿಯ ಮೇಲೆ ಚೆಲ್ಲುತ್ತಾನೆ, ಕುಡಿದು ಬಂದು ಮನೆ ತೋಯಿಸುತ್ತಾನೆ. ಅವನಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಇನ್ನೊಬ್ಬ ಯಾರಿಗೂ ತೊಂದರೆ ಕೊಡದೆ ಎಲ್ಲಾ ಒಳಗೇ ಎಳೆದುಕೊಳ್ಳುತ್ತಾನೆ. ಸಾಲ ಆದರೂ ಹೇಳುವುದಿಲ್ಲ. ಅವನ ಓಟ ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಬಹಳ ಒಳ್ಳೆಯವ, ಯಾರ ಗೋಜಿಗೂ ಹೋಗುವುದಿಲ್ಲ ಅಂತ ನಾವು ಹೊಗಳುತ್ತಿರುತ್ತೇವೆ, ಒಂದು ದಿನ ಹೊಲದಾಗ ಅವನ ಹೆಣ ಸಿಗುತ್ತದೆ. ನಮ್ಮ ಸುತ್ತಲ ಊರುಗಳು ಇಂಥದ್ದನ್ನು ನೋಡಿವೆ. ಒದ್ದೆ ಕಂಡಾಗ ಹೇಳುವುದು ಅರ್ಧ ಹೊಣೆ. ಒದ್ದೆ ಕಾಣದ ಕಡೆ ಗುಳ್ಳೆ ನೋಡುವುದು ಉಳಿದರ್ಧ.

ಈಗ ಕೊನೆಯದು, ಹೇಳಲಿಕ್ಕೆ ನನಗೆ ಹೆಚ್ಚು ಕಷ್ಟವಾದದ್ದು. ಆವತ್ತು ಪ್ಯಾಡು ಬದಲಿಸಿದರು ಅಂದೆನಲ್ಲ, ತೆಗೆದ ಪ್ಯಾಡು ಏನಾಯಿತು? ನಾನು ನೋಡಿದೆ. ನೀರು ಬಸಿದು, ಒರೆಸಿ, ಮಡಿಚಿ, ಮೂಲೆಯ ಕಪಾಟಿನಾಗ ಉಳಿದ ಪ್ಯಾಡುಗಳ ಮೇಲೆ ಇಟ್ಟರು. ಗುರುತು ಹಾಕಲಿಲ್ಲ, ಚೀಟಿ ಕಟ್ಟಲಿಲ್ಲ. ಆಮೇಲೆ ದುರಸ್ತಿಗೆ ಕಳಿಸ್ತಾರ ಅಂದುಕೊಂಡೆ. ನನ್ನ ಗೆಳೆಯನ ಕೆಳಗೆ ಒಣ ಪ್ಯಾಡು ಬಂದಿತ್ತು. ನನ್ನ ಕೆಲಸ ಮುಗಿದಿತ್ತು. ಊರಿಗೆ ಬಂದೆ.

ಎಂಟು ದಿನ ನಿದ್ದೆ ಸರಿ ಬರಲಿಲ್ಲ. ಗೆಳೆಯನ ಸಲುವಾಗಿ ಆರು ತಾಸಿನ ಮೇಲಾದರೂ ಬಾಯಿ ಬಿಟ್ಟೆ. ಆ ಕಪಾಟಿನ ಮುಂದೆ ಮಲಗುವ ಮನುಷ್ಯ ಯಾರು, ಯಾವ ಊರಿನವ, ಯಾವ ಭಾಷೆಯವ, ಅವನ ಕೈ ಹಿಡಿದು ಚಾದರ ಮುಟ್ಟುವವರು ಇದ್ದಾರೋ ಇಲ್ಲವೋ, ನನಗೆ ಏನೂ ಗೊತ್ತಿರಲಿಲ್ಲ. ನಮ್ಮವರಿಗಾಗಿ ಹೇಳುವುದು ಮೋಹ. ಅದರಾಗ ಧರ್ಮ ಎಷ್ಟು, ಮೋಹ ಎಷ್ಟು ಅಂತ ಬೇರೆ ಮಾಡಲಿಕ್ಕೆ ಬರುವುದಿಲ್ಲ. ಗುರುತಿಲ್ಲದವನಿಗಾಗಿ ಹೇಳುವಾಗಲೇ ಹೊಣೆ ಖರೆ ಖರೆ ಹೊಣೆ ಆಗುತ್ತದೆ ಅಂತ ನನಗೆ ಅನಿಸಿತು.

ಒಂಬತ್ತನೇ ದಿನ ಬಸ್ಸು ಹತ್ತಿ ಹೋದೆ. ದೊಡ್ಡ ಸಿಸ್ಟರ್ ಅಂತ ಒಬ್ಬರು ಹಿರಿಯ ತಾಯಿ ಇದ್ದರು. ಬಾಗಿಲಲ್ಲೇ ನಿಂತು, ತಪ್ಪು ಹುಡುಕಲಿಕ್ಕೆ ಬಂದಿಲ್ಲ ತಾಯಿ, ಒಂದು ಪ್ಯಾಡು ಹಿಂಗಿಂಗ ಕಪಾಟಿನಾಗ ಇಟ್ಟದ್ದು ಕಂಡಿದ್ದೆ ಅಂತ ಹೇಳಿದೆ. ಆಕೆ ಏನೂ ಮಾತಾಡಲಿಲ್ಲ. ನನ್ನನ್ನು ಬಾಂಕಿನ ಮೇಲೆ ಕೂಡಿಸಿ ಒಳಗೆ ಹೋದರು. ಸುಮಾರು ಒಂದು ತಾಸಿನ ಮೇಲೆ ಬಂದು, ನಾಲ್ಕು ಪ್ಯಾಡಿದ್ದವು, ಎಲ್ಲಾ ಒಂದೇ ನಮೂನಿ, ಒಂದೊಂದಕ್ಕೂ ನೀರು ತುಂಬಿ ಕೆಳಗೆ ಪೇಪರು ಹಾಸಿ ನೋಡಿದೆ, ಮೂರನೆಯದರ ಪೇಪರು ತೊಯ್ತು ಅಂದರು. ಅದಕ್ಕೆ ಕೆಂಪು ಪಟ್ಟಿ ಕಟ್ಟಿ, ತಾರೀಖು ಬರೆದು, ಬೇರೆ ಇಟ್ಟಿದ್ದೇನೆ, ಇನ್ನು ಮುಂದೆ ಹಾಸುವ ಮೊದಲು ಎಲ್ಲಾ ಹಿಂಗೇ ನೋಡಲಿಕ್ಕೆ ಹೇಳ್ತೀನಿ ಅಂದರು. ಆಮೇಲೆ, "ಆಜೋಬಾ, ಚಹಾ ಕುಡಿದು ಹೋಗ್ರಿ" ಅಂದರು.

ಚಹಾ ಕುಡಿದೆ. ಒಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಈ ಎಂಟು ದಿನದಾಗ ಆ ಮೂರನೇ ಪ್ಯಾಡು ಯಾರ ಬೆನ್ನಿನ ಕೆಳಗಿತ್ತು? ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಲೋಟ ಕೆಳಗಿಟ್ಟು ಕೈ ಮುಗಿದು ಬಂದೆ.

ಹಂಗಾಗಿ ನನ್ನ ಪ್ರಶ್ನೆಗೆ ನನಗೆ ಸಿಕ್ಕ ಜವಾಬು ಇಷ್ಟೇ. ತೂತು ಕಂಡವನ ಮೇಲೆ ಹೊಣೆ ಬರುತ್ತದೆ, ಅವನು ಎಷ್ಟು ಓದಿದ್ದಾನೆ ಅಂತ ಅದು ಕೇಳುವುದಿಲ್ಲ. ಹೇಳಿದ ಕೂಡಲೇ ಅದು ಇಳಿಯುವುದಿಲ್ಲ, ಮುಚ್ಚಬಲ್ಲವರ ಕಿವಿಗೆ ಬಿದ್ದಾಗ ಇಳಿಯುತ್ತದೆ. ನಮ್ಮವ ಉಳಿದ ಅಂತ ಮುಗಿಯುವುದಿಲ್ಲ, ಆ ತೂತಿನ ಕೆಳಗೆ ಇನ್ನೊಬ್ಬ ಬರಲಾರದಂಗ ಆದಾಗ ಮುಗಿಯುತ್ತದೆ. ಈ ಲೆಕ್ಕದಾಗ ನಾನು ಆರು ತಾಸು ಮತ್ತು ಎಂಟು ದಿನ ಬಾಕಿದಾರ. ಆರು ತಾಸಿನ ಬಾಕಿ ನನ್ನ ಗೆಳೆಯ ನಕ್ಕು ಮನ್ನಾ ಮಾಡ್ಯಾನ. ಎಂಟು ದಿನದ್ದು ಯಾರಿಗೆ ಕೊಡಬೇಕು ಅಂತ ಗೊತ್ತಿಲ್ಲದ್ದಕ್ಕೆ ನಿಮ್ಮ ಮುಂದೆ ಬರೆದಿಟ್ಟಿದ್ದೇನೆ. ಈ ಓದಿದವರು ಯಾರಾದರೂ ಎಲ್ಲಾದರೂ ಒಂದು ಒದ್ದೆ ಕಂಡು, "ಇಲ್ಲಿ ಒಮ್ಮೆ ಮುಟ್ಟಿ ನೋಡ್ರಿ" ಅಂದರೆ, ಅಷ್ಟು ಬಾಕಿ ತೀರಿತು ಅಂತ ತಿಳೀತೀನಿ.